ಕರು ಹಾಕುವ ಹೊತ್ತು

ಕರುವಿನ ತಲೆ ಹಿಂದಕ್ಕೆ ಹೊರಳಿರಬಹುದಿತ್ತು. ಮುಂಗಾಲು ಒಂದು ಬಂದು ಇನ್ನೊಂದು ಒಳಗೇ ಮಡಚಿಕೊಂಡಿರಬಹುದಿತ್ತು. ಹಿಂಗಾಲು ಮೊದಲು ಬರಬಹುದಿತ್ತು. ಗರ್ಭಕೋಶ ತಿರುಚಿಕೊಂಡಿರಬಹುದಿತ್ತು, ಹಾಗಾದರೆ ದನವನ್ನು ಉರುಳಿಸಬೇಕು, ಉರುಳಿಸಲಿಕ್ಕೆ ಗಟ್ಟಿ ಆಳುಗಳು ಬೇಕು, ಅಲ್ಲಿ ಇದ್ದದ್ದು ವಯಸ್ಸಾದ ಒಬ್ಬ ಹೆಂಗಸು ಮತ್ತು ಭುಜ ಕೆಟ್ಟ ನಾನು. ಕರು ಸತ್ತೇ ಬರಬಹುದಿತ್ತು. ಬದುಕಿ ಬಂದರೂ ಉಸಿರೆಳೆದುಕೊಳ್ಳದೆ ಇರಬಹುದಿತ್ತು. ಎಲ್ಲ ಸರಿಯಾಗಿ ಗಂಡು ಕರು ಆಗಬಹುದಿತ್ತು. ಕಸ, ಅಂದರೆ ಮಾಸು, ಬೀಳದೆ ಒಳಗೇ ಕೊಳೆಯಬಹುದಿತ್ತು. ಕ್ಯಾಲ್ಸಿಯಂ ಇಳಿದು ದನ ಮಲಗಿದಲ್ಲಿಂದ ಏಳದೆ ಹೋಗಬಹುದಿತ್ತು. ನನ್ನ ಚೀಲದಲ್ಲಿದ್ದ ಮದ್ದಿನ ತಾರೀಕು ಮುಗಿದಿರಬಹುದಿತ್ತು. ತೆಗೆದು ನೋಡಿದೆ, ಮುಗಿದಿರಲಿಲ್ಲ. ಸ್ಕೂಟರ್ ನಿಲ್ಲಿಸಿ ಮತ್ತೊಮ್ಮೆ ನೋಡಿದೆ. ಹೊಳೆ ಏರಿ ಕಾಲುಸಂಕ ಮುಳುಗಬಹುದಿತ್ತು. ಅದು ಹಲಸು ಹಣ್ಣಾಗುವ ಬಿರುಬೇಸಿಗೆ, ಹೊಳೆಯಲ್ಲಿ ಕಾಲು ತೊಳೆಯಲಿಕ್ಕೂ ನೀರಿರಲಿಲ್ಲ. ಆದರೂ.

ಕಡಬದ ಪೇಟೆ ದಾಟಿ ದೇವಕಿಯಕ್ಕನ ಮನೆ ಮುಟ್ಟುವುದರೊಳಗೆ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಆ ದಿನ ನನಗೆ ಸರಕಾರದ ಕೆಲಸ ಇರಲಿಲ್ಲ, ನಿವೃತ್ತನಾಗಿ ಕೆಲವು ವಾರ ಆಗಿತ್ತು. ಯೋಚನೆಗೆ ಮಾತ್ರ ನಿವೃತ್ತಿ ಇರಲಿಲ್ಲ.

ನಾನು ಪಶುವೈದ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವ. ಡಾಕ್ಟರ್ ಅಲ್ಲ. ಊರಿನವರು ನಮ್ಮನ್ನೂ "ಡಾಕ್ಟ್ರೆ" ಅಂತಲೇ ಕರೆಯುತ್ತಾರೆ, ನಿಜವಾದ ಡಾಕ್ಟರನ್ನು "ದೊಡ್ಡ ಡಾಕ್ಟ್ರು" ಅನ್ನುತ್ತಾರೆ. ಪುತ್ತೂರು, ಸುಳ್ಯ, ಕಡಬ ಎಂದು ಮೂರೂ ಕಡೆ ತಿರುಗಿದ್ದೇನೆ. ವಯಸ್ಸು ಮುಗಿಯುವ ಮೊದಲೇ ಬಿಟ್ಟು ಬಂದದ್ದು ಬಲ ಭುಜದ ದೆಸೆಯಿಂದ. ದನಗಳ ಹಿಂದೆ ನಿಂತು, ಭುಜದವರೆಗೆ ಕೈ ಒಳಗೆ ಹಾಕಿ ಬಸಿರು ನೋಡುವುದೇ ಕೆಲಸ ಆದವನ ಭುಜ ಎಷ್ಟು ವರ್ಷ ಬಾಳಿಕೆ ಬಂದೀತು? ಈಗ ಅಂಗಿ ಹಾಕಲಿಕ್ಕೆ ಹೆಂಡತಿ ಶಾರದೆಯ ಸಹಾಯ ಬೇಕು. "ಅಷ್ಟು ದನಗಳಿಗೆ ಕೈ ಕೊಟ್ಟಿರಿ, ಕಡೆಗೆ ಕೈಯೇ ನಿಮಗೆ ಕೈ ಕೊಟ್ಟಿತು" ಅನ್ನುತ್ತಾಳೆ ಅವಳು.

ಹೊಸದಾಗಿ ಈ ಕೆಲಸಕ್ಕೆ ಸೇರುವವರು ಕೆಲವರು ಅನುಭವ ಬರೆದುಕೊಡಿ ಅಂದರು. ಬಡ್ತಿ, ವರ್ಗಾವಣೆ ಯಾರಿಗೆ ಬೇಕು. ಕಾಯುವುದರ ಬಗ್ಗೆ ಬರೆಯುತ್ತೇನೆ, ನನಗೆ ಕಡೆಯವರೆಗೂ ಬಾರದೆ ಹೋದ ವಿದ್ಯೆ ಅದು.

ಮೊದಲು ನನ್ನ ಬಂಡವಾಳ ಹೇಳಿಬಿಡುವ. ನಾನು ಪುತ್ತೂರು ಪೇಟೆಯಲ್ಲಿ ಬೆಳೆದವ. ಅಪ್ಪನಿಗೆ ಹೊಲಿಗೆಯ ಅಂಗಡಿ. ಹಾಲು ಅಂದರೆ ಚೊಂಬು ಹಿಡಿದು ಹೋಗಿ ತರುವ ವಸ್ತು, ಅದರ ಹಿಂದೆ ಇಷ್ಟು ದೊಡ್ಡ ಪ್ರಾಣಿ ಉಂಟೆಂದು ತರಬೇತಿಯಲ್ಲಿ ಸರಿಯಾಗಿ ಗೊತ್ತಾದದ್ದು. ಆರಂಭದ ದಿನಗಳಲ್ಲಿ ಹೋರಿಯ ವೀರ್ಯದ ಕಡ್ಡಿಗಳಿರುವ ಸಾರಜನಕದ ಕ್ಯಾನನ್ನು ಪುತ್ತೂರಿನಿಂದ ಸುಳ್ಯಕ್ಕೆ ಖಾಸಗಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಕ್ಯಾನಿನ ಬಾಯಿಯಿಂದ ಬಿಳಿ ಹೊಗೆ ಬರುತ್ತದೆ. ಒಂದು ದಿನ ಇಡೀ ಬಸ್ಸು ನನ್ನಿಂದ ದೂರ ಸರಿದು ಕೂತಿತು. ಕಂಡಕ್ಟರ್ ಬಂದ.

"ಇದೆಂತ ಮಾರಾಯ್ರೆ, ಹೊಗೆ ಬರ್ತಾ ಉಂಟು?"

"ಹೋರಿ" ಅಂದೆ.

"ಈ ಡಬ್ಬಿಯಲ್ಲಾ?"

"ಒಂದಲ್ಲ, ಸುಮಾರು ಉಂಟು."

"ಹಾಗಾದ್ರೆ ಅಷ್ಟಕ್ಕೂ ಟಿಕೆಟ್ ತೆಗೀರಿ."

ಆ ಕ್ಯಾನಿನಿಂದ ಕಲಿತ ಮೊದಲ ಪಾಠವೇ ಹೊತ್ತಿನದ್ದು. ದನ ಬೆಳಗ್ಗೆ ಬೆದೆಗೆ ಬಂದು ಕೂಗಿದರೆ ಸಂಜೆ ಕಡ್ಡಿ ಹಾಕಬೇಕು, ಸಂಜೆ ಕೂಗಿದರೆ ಮರುದಿನ ಬೆಳಗ್ಗೆ. ಕೂಗಿದ ಕೂಡಲೇ ಓಡಿದರೆ ಪ್ರಯೋಜನ ಇಲ್ಲ. ನಾನು ಅದು ಕೂಗುವ ಮೊದಲೇ ಓಡಬೇಕೆಂದು ಆಸೆ ಇದ್ದವ.

ಸವಣೂರಿನ ಹತ್ತಿರ ಒಂದು ಕಡಸಿನ ಚೊಚ್ಚಲ ಹೆರಿಗೆ. ನೀರಿನ ಚೀಲ ಕಂಡಿತು. ಮನೆಯವರು ತಂದ ಬೆಲ್ಲ ನೀರು ಕುಡಿಯುವಷ್ಟು ಹೊತ್ತು ಕಾದೆ. ಆಮೇಲೆ ತಡೆಯಲಿಕ್ಕಾಗದೆ ಕರುವಿನ ಕಾಲಿಗೆ ಹಗ್ಗ ಹಾಕಿ ಎಳೆದೆವು. ಕರು ಬದುಕಿ ಬಂತು, ಕಡಸು ಹರಿದುಹೋಯಿತು. ದೊಡ್ಡ ಡಾಕ್ಟ್ರು ಬಂದು ಹೊಲಿಗೆ ಹಾಕಿದರು. ಹಾಕುತ್ತಾ ತಲೆ ಎತ್ತದೆ ಕೇಳಿದರು:

"ನಿನಗೆ ಬಸ್ಸಿಗೆ ಹೊತ್ತಾಗಿತ್ತಾ?"

"ಇಲ್ಲ ಸರ್."

"ಹಾಗಾದ್ರೆ ದನಕ್ಕೆ ಆಗಿತ್ತಾ?"

ಆ ಡಾಕ್ಟ್ರು ಬೈಯುವುದು ಯಾವಾಗಲೂ ಹೀಗೆ, ಪ್ರಶ್ನೆಯ ರೂಪದಲ್ಲಿ. ಗರ್ಭದ ಬಾಯಿ ತೆರೆದುಕೊಳ್ಳುವ ಮೊದಲು ಎಳೆಯುವುದು ಬಾಗಿಲು ತೆರೆಯುವ ಮೊದಲು ಮನೆಯವರನ್ನು ಎಳೆದ ಹಾಗೆ, ಗೋಡೆ ಸಮೇತ ಬರ್ತದೆ ಅಂದರು. ದೇವರು ಹೊತ್ತು ಇಟ್ಟಿರ್ತಾನೆ, ನಿನ್ನ ವಾಚಿನಲ್ಲಿ ಅದು ಕಾಣುವುದಿಲ್ಲ ಅಂತಲೂ ಅಂದರು.

ಕಲಿತೆ. ಕಲಿತದ್ದೇ ತೊಂದರೆಯಾಯಿತು.

ಈಗ ದೇವಕಿಯಕ್ಕನ ವಿಷಯಕ್ಕೆ ಬರುತ್ತೇನೆ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬದಿಯಲ್ಲಿ, ದಾರಿ ಬಿಟ್ಟು ಒಳಗೆ ಅವರ ಮನೆ. ಮನೆಮಾತು ಅರೆಭಾಷೆ, ನನ್ನ ಹತ್ತಿರ ಕನ್ನಡ, ದನದ ಹತ್ತಿರ ತುಳು. ಸುಳ್ಯದ ಆಚೆಯ ತವರಿನಿಂದ ಮದುವೆಯಾಗಿ ಬರುವಾಗ ಅವರ ತಾಯಿ ಒಂದು ಕಡಸನ್ನು ಜೊತೆಗೆ ಕಳಿಸಿದ್ದರಂತೆ. ಅದರ ಮಗಳು, ಮೊಮ್ಮಗಳು ಎಂದು ನಡೆದುಬಂದ ಸಂತಾನದಲ್ಲಿ ಕಡೆಗೆ ಉಳಿದದ್ದು ಬೊಳ್ಳಿ ಒಂದೇ. ತವರಿನಲ್ಲಿ ಈಗ ತಾಯಿಯೂ ಇಲ್ಲ, ಆ ದನದ ಹಟ್ಟಿಯೂ ಇಲ್ಲ. "ನನ್ನ ಅಮ್ಮನ ಮನೆಯದ್ದು ಅಂತ ಇರುದು ಇದೊಂದೇ ಡಾಕ್ಟ್ರೆ" ಎಂದು ಬೊಳ್ಳಿಯ ಕೊರಳಿನ ಗಂಗೆದೊಗಲು ಸವರುತ್ತಾ ಹೇಳಿದ್ದರು. ಬೊಳ್ಳಿಗೆ ಒಂದು ಹೆಣ್ಣು ಕರು ಆಗಬೇಕು. ಇಷ್ಟೇ ಅವರ ಆಸೆ.

ಬೊಳ್ಳಿಯ ಚೊಚ್ಚಲಿಗೆ ನನ್ನನ್ನು ಕರೆದರು. ಹೋದೆ. ಸವಣೂರಿನ ಪಾಠ ತಲೆಯಲ್ಲಿತ್ತು. ಕೈಕಟ್ಟಿ ನಿಂತೆ. ದನಕ್ಕೆ ಅದರ ಹೊತ್ತು ಬರಲಿ ಎಂದು ಕಾದೆ. ಹೊತ್ತು ಹೋಯಿತು, ಕರು ಬರಲಿಲ್ಲ. ಕಡೆಗೆ ಕೈ ಹಾಕಿ ನೋಡಿದರೆ ಒಳಗೆ ಅಲುಗಾಟ ಇಲ್ಲ. ದೊಡ್ಡ ಡಾಕ್ಟ್ರು ಬಂದು ಕರುವನ್ನು ತೆಗೆದರು, ಕೂದಲು ಕೈಗೆ ಕಿತ್ತು ಬರುತ್ತಿದ್ದುದನ್ನು ನನಗೆ ತೋರಿಸಿದರು. "ಇದು ಇವತ್ತು ಹೋದದ್ದಲ್ಲ ಮಾರಾಯ. ನೀನು ಬರುವ ಎಷ್ಟೋ ಮೊದಲೇ ಹೋಗಿಯಾಗಿದೆ. ನೀನು ಕಾದರೂ ಒಂದೇ, ಎಳೆದರೂ ಒಂದೇ."

ಅದು ಹೆಣ್ಣು ಕರು.

ಡಾಕ್ಟ್ರು ಹೇಳಿದ್ದು ಶಾಸ್ತ್ರಪ್ರಕಾರ ಸರಿ. ಆದರೆ ನನ್ನಂಥವನಿಗೆ ಸಮಾಧಾನ ಸಾಕಾಗುವುದಿಲ್ಲ. ಎಳೆದರೆ ಅವಸರ, ಕಾದರೆ ಉದಾಸೀನ. ದೇವರ ಹೊತ್ತು ಯಾವುದು, ನನ್ನ ಸೋಮಾರಿತನದ ಹೊತ್ತು ಯಾವುದು ಎಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಎರಡಕ್ಕೂ ಒಂದೇ ಮುಖ. ಆಮೇಲೆ ನಾನು ಯಾವ ಹಟ್ಟಿಯಲ್ಲೂ ನೆಟ್ಟಗೆ ನಿಲ್ಲಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಆಗಲೇ ಮುಡಿಪಿನ ಚಟ ಹಿಡಿದದ್ದು. ನಮ್ಮ ಕಡೆ ಕಷ್ಟ ಬಂದಾಗ ದೇವರ ಹೆಸರಲ್ಲಿ ನಾಣ್ಯ ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ, ಕೆಲಸ ಆದ ಮೇಲೆ ಹೋಗಿ ಒಪ್ಪಿಸುತ್ತಾರೆ. ನಂಬಿಕೆ ಇದ್ದವ ಒಂದು ಕಟ್ಟುತ್ತಾನೆ. ನಂಬಿಕೆ ಇಲ್ಲದವ ಕಟ್ಟುವುದಿಲ್ಲ. ನಾನು ಒಂದೇ ದನಕ್ಕೆ ಮೂರು ಕಟ್ಟುತ್ತಿದ್ದೆ: ಸುಬ್ರಹ್ಮಣ್ಯಕ್ಕೆ ಒಂದು, ಪುತ್ತೂರಿನ ದೇವರಿಗೆ ಒಂದು, ಆಯಾ ಊರಿನ ದೈವಕ್ಕೆ ಒಂದು. ದೇವರ ಕೋಣೆಯ ಡಬ್ಬಿಯಲ್ಲಿ ಗಂಟುಗಳು ತುಂಬಿ ಯಾವುದು ಯಾವ ದನದ್ದು, ಯಾವ ದೇವರದ್ದು ಎಂದು ತಿಳಿಯದ ಸ್ಥಿತಿ ಬಂತು. ಶಾರದೆ ಒಂದು ದಿನ ಡಬ್ಬಿ ಅಲ್ಲಾಡಿಸಿ, "ದೇವರುಗಳಿಗೇ ಗಲಾಟೆ ಹಚ್ಚಿ ಹಾಕಿದ್ದೀರಿ" ಅಂದಳು.

ಬೊಳ್ಳಿ ಮತ್ತೆ ಗಬ್ಬ ನಿಲ್ಲಲಿಕ್ಕೆ ತುಂಬ ಸತಾಯಿಸಿತು. ಕಡ್ಡಿ ಹಾಕಿದೆ, ತಿರುಗಿ ಬೆದೆಗೆ ಬಂತು. ಪುನಃ ಹಾಕಿದೆ, ಪುನಃ ಬಂತು. ದೇವಕಿಯಕ್ಕನ ಮಗ ಹರೀಶ, ಕಡಬದಲ್ಲಿ ರಿಕ್ಷಾ ಓಡಿಸುವವನು, ಒಳ್ಳೆಯ ಹುಡುಗ. ತಾಯಿಯ ಸೊಂಟನೋವು ನೋಡಿ ಅವನಿಗೆ ಸಂಕಟ. "ಹಟ್ಟಿ ಸಾಕು ಅಮ್ಮ. ಇದೊಂದು ಕಡೆಯ ಸಲ ನೋಡುವ. ಕರು ಉಳಿಯದಿದ್ರೆ ಬೊಳ್ಳಿಯನ್ನು ಯಾರಾದ್ರೂ ಸಾಕುವವರಿಗೆ ಕೊಡುವ" ಅಂದ. ದೇವಕಿಯಕ್ಕ ಒಪ್ಪಿದರು. ಒಪ್ಪಿದ ಮೇಲೆ ಆ ಮಾತಿಗೆ ತಪ್ಪುವ ಹೆಂಗಸು ಅವರಲ್ಲ. ಹಾಗಾಗಿ ಆ ಕಡೆಯ ಕಡ್ಡಿ ಹಾಕುವ ಮೊದಲು ಅದರ ಮೇಲಿನ ನಂಬರನ್ನು ಎರಡೆರಡು ಸಲ ಓದಿದೆ. ಗಬ್ಬ ನಿಂತಿತು.

ಅಷ್ಟರಲ್ಲಿ ಚರ್ಮಗಂಟು ರೋಗ ಬಂತು.

ನೀವು ಹೊಸಬರು ಅದನ್ನು ಪುಸ್ತಕದಲ್ಲಿ ಓದಿದ್ದೀರಿ. ಮೈಯೆಲ್ಲ ಗಂಟು, ಜ್ವರ, ಕಾಲಿಗೆ ನೀರು. ನಮಗೂ ಅದು ಹೊಸದು. ಆ ದಿನಗಳಲ್ಲಿ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರ ಹುದ್ದೆ ಖಾಲಿ. ದೊಡ್ಡ ಡಾಕ್ಟ್ರು ನಿವೃತ್ತರಾಗಿ ಪುತ್ತೂರಿನಲ್ಲಿ ಕೂತಿದ್ದರು. ಮೊಬೈಲಿನಲ್ಲಿ ವೀಳ್ಯದೆಲೆ, ಕರಿಮೆಣಸು, ಅರಿಶಿನ ಎಂದು ದಿನಕ್ಕೊಂದು ಮದ್ದು ಬರುತ್ತಿತ್ತು. ಮನೆಮನೆಯಲ್ಲಿ ಒಂದೇ ಪ್ರಶ್ನೆ, "ಉಳಿತದಾ ಡಾಕ್ಟ್ರೆ?" ನಾನು ಆಸೆ ಬಿಟ್ಟ ದನ ವಾರದಲ್ಲಿ ಎದ್ದು ಹುಲ್ಲು ತಿಂದಿತು. ಧೈರ್ಯ ಹೇಳಿ ಬಂದ ಮನೆಯ ದನ ನಾನು ಗೇಟು ದಾಟುವ ಮೊದಲು ಸತ್ತಿತು. ಯಾವ ಲೆಕ್ಕವೂ ತಾಳೆಯಾಗದ ಕಾಲ ಅದು. ಕಡೆಕಡೆಗೆ ನಾನು "ನೋಡುವ" ಎಂಬ ಒಂದೇ ಶಬ್ದದಲ್ಲಿ ಇಲಾಖೆ ನಡೆಸಿದೆ.

ಬೊಳ್ಳಿಗೂ ಬಂತು. ಬಸಿರಿನ ನಡುವೆ, ಸುಡುವ ಜ್ವರ. ಕಂದು, ಅಂದರೆ ಹೊಟ್ಟೆಯೊಳಗಿನ ಕರು, ಹೋಗುವುದು ಖಂಡಿತ ಎಂದು ನನಗನಿಸಿತು. ದೇವಕಿಯಕ್ಕ ಬೇವಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಅದರ ಗಂಟುಗಳನ್ನು ಒರೆಸುತ್ತಿದ್ದರು.

"ಹೆದರಬೇಡಿ ಅಕ್ಕ" ಅಂದೆ, ಹೆದರಿಕೊಂಡು. "ನಾನು ಮೂರು ಕಡೆಗೆ ಮುಡಿಪು ಕಟ್ಟಿಟ್ಟಿದ್ದೇನೆ."

ಅವರು ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಮೂರು ಕಡೆಗಾ? ಅದು ನಿಮ್ಮ ಆಫೀಸಿನ ಹಾಗೆ ಆಯ್ತಲ್ಲ ಮಾರಾಯ್ರೆ. ಮೂವರಿಗೆ ಅರ್ಜಿ ಕೊಟ್ರೆ ಒಬ್ಬೊಬ್ಬನೂ ಇನ್ನೊಬ್ಬ ನೋಡಿಕೊಳ್ತಾನೆ ಅಂತ ಕೂತುಬಿಡ್ತಾನೆ."

"ಹಾಗಾದ್ರೆ ನೀವು ಯಾರಿಗೆ ಕಟ್ಟಿದ್ದೀರಿ?"

"ಕಟ್ಟಲಿಲ್ಲ. ನಾಗನ ಕಟ್ಟೆಯ ಹತ್ತಿರ ಹೋಗಿ ಹೇಳಿ ಬಂದೆ. ಕೊಡುದಾದ್ರೆ ನಿನ್ನ ಹೊತ್ತಿಗೆ ಕೊಡು, ನಾನು ಹಟ್ಟಿ ಗುಡಿಸಿ ಇಟ್ಟಿರ್ತೇನೆ ಅಂತ."

"ಕೊಡದಿದ್ರೆ?"

"ಕೊಡದಿದ್ರೆ ಹಟ್ಟಿ ಚೊಕ್ಕ ಆಯ್ತಲ್ಲ" ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ನಂಬಿದವರಿಗೆ ಭಯ ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಇರುತ್ತದೆ. ಅವರು ಹೆದರಿಕೊಂಡೇ ಹಟ್ಟಿ ಗುಡಿಸುತ್ತಾರೆ. ನಾವು ಹೆದರಿಕೊಂಡು ಊರು ತಿರುಗುತ್ತೇವೆ.

ಜ್ವರ ಇಳಿಯಿತು. ಗಂಟು ಒಡೆದು ಕಲೆ ಉಳಿಯಿತು. ಕಂದು ಹೋಗಲಿಲ್ಲ. ಅದರ ನಡುವೆ ನನ್ನ ಭುಜ ಪೂರ್ತಿ ಹೋಗಿ ನಾನು ಕೆಲಸ ಬಿಟ್ಟೆ.

ಬೇಸಿಗೆಯ ಒಂದು ಬೆಳಗ್ಗೆ ಹರೀಶನ ಫೋನು. "ಬೊಳ್ಳಿಗೆ ಇವತ್ತು ಆಗ್ಬಹುದು ಅಂತ ಅಮ್ಮ ಹೇಳ್ತಾರೆ. ನೀವು ಬರ್ಲೇಬೇಕು ಅಂತ ಇಲ್ಲ. ಪುರುಸೊತ್ತಿದ್ರೆ ಕಾಫಿಗೆ ಬನ್ನಿ ಅಂದ್ರು."

ಕಾಫಿಗೆ ಹೋದೆ, ಹಗ್ಗ, ಗ್ಲೌಸು, ಕ್ಯಾಲ್ಸಿಯಂ ಬಾಟಲಿ ಸಮೇತ.

ದೇವಕಿಯಕ್ಕ ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಚೀಲವನ್ನು ತೆಗೆದುಕೊಂಡು ಒಳಗೆ ಇಟ್ಟು ಬಂದರು. ಹಟ್ಟಿ ಕಾಣುವ ಹಾಗೆ ಜಗಲಿಯಲ್ಲಿ ಮಣೆ ಹಾಕಿದರು. ಮುಂದೆ ಒಂದು ಬುಟ್ಟಿ ಹಲಸಿನ ಬೀಜ. "ಕೂತ್ಕೊಳ್ಳಿ. ಇದರ ಸಿಪ್ಪೆ ತೆಗೀರಿ. ನಿಮ್ಮ ಕೈಗೆ ಕೆಲಸ ಇಲ್ಲದಿದ್ರೆ ಅದು ಬೊಳ್ಳಿಯ ಹತ್ತಿರ ಹೋಗ್ತದೆ."

ಸುಲಿದೆ. ಹಟ್ಟಿಯಲ್ಲಿ ಹೊಸ ಸೊಪ್ಪು ಹಾಸಿದ್ದರು. ಬೊಳ್ಳಿ ಮಲಗುತ್ತಿತ್ತು, ಏಳುತ್ತಿತ್ತು, ತಿರುಗಿ ತನ್ನ ಪಕ್ಕೆಯನ್ನು ತಾನೇ ನೋಡುತ್ತಿತ್ತು.

"ಎಷ್ಟು ಕರು ತೆಗೆದಿದ್ದೀರಿ ನೀವು?" ಅಂತ ಕೇಳಿದರು.

"ಲೆಕ್ಕ ಉಂಟಾ ಅಕ್ಕ?"

"ತಾನಾಗಿ ಬಂದದ್ದು ಎಷ್ಟು ನೋಡಿದ್ದೀರಿ?"

ಸುಲಿಯುತ್ತಿದ್ದ ಬೀಜ ಕೈಯಲ್ಲೇ ಉಳಿಯಿತು. ಯೋಚಿಸಿದೆ. ಒಂದೂ ಇಲ್ಲ. ನಮ್ಮನ್ನು ಕರೆಯುವುದು ಕಷ್ಟ ಬಂದಾಗ. ಕಷ್ಟ ಇಲ್ಲದಿದ್ದರೆ ಯಾರು ಕರೆಯುತ್ತಾರೆ? ಇಡೀ ತಾಲೂಕಿನಲ್ಲಿ ದಿನಾ ಎಷ್ಟು ದನಗಳು ಯಾರೂ ಮುಟ್ಟದೆ ಕರು ಹಾಕಿ, ನೆಕ್ಕಿ ಎಬ್ಬಿಸಿರಬೇಕು! ನಾನು ಕಂಡದ್ದೆಲ್ಲ ತಿರುಚಿದ್ದು, ಸಿಕ್ಕಿಕೊಂಡದ್ದು, ಸತ್ತದ್ದು. ಹಾಗಾಗಿ ಲೋಕವೇ ತಿರುಚಿಕೊಂಡಿದೆ ಎಂದು ತಿಳಿದು ಇಷ್ಟು ವರ್ಷ ಕಳೆದೆ. ಮನೆಯಲ್ಲೂ ಹಾಗೆಯೇ. ಶಾರದೆ ಸುಮ್ಮನೆ ಕೂತಿದ್ದರೆ ಎಂತ ಆಯ್ತು ಎಂದು ಕೇಳುತ್ತಿದ್ದೆ. ಅವಳು ಬರೀ ಸುಖವಾಗಿ ಕೂತಿರುತ್ತಿದ್ದಳು.

"ಒಂದೂ ಇಲ್ಲ" ಅಂದೆ.

"ಹಾಂ" ಅಂದರು. ಎದ್ದು ಹಟ್ಟಿಗೆ ಹೋದರು.

ಮಧ್ಯಾಹ್ನದ ಬಿಸಿಲಿಗೆ ನೀರಿನ ಚೀಲ ಕಂಡಿತು, ಒಡೆಯಿತು. ಎರಡು ಗೊರಸು ಬಂತು, ಅಡಿಮುಖವಾಗಿ, ಸರಿಯಾಗಿ. ಅದರ ಮೇಲೆ ಮೂಗಿನ ತುದಿ. ಪುಸ್ತಕದಲ್ಲಿ ಚಿತ್ರ ಬರೆದ ಹಾಗೆ. ಬೊಳ್ಳಿ ಒಮ್ಮೆ ತಿಣುಕಿ ಮುಕ್ಕಿತು, ನಿಲ್ಲಿಸಿತು. ಮತ್ತೆ ಮುಕ್ಕಿತು, ನಿಲ್ಲಿಸಿತು. ಆ ನಿಲ್ಲಿಸುವ ಹೊತ್ತು ನನಗೆ ಹಿಂದಿನ ಸಲದ ಹಾಗೆ ಕಂಡಿತು. ಎಳೆಯಬೇಕಾ? ಬಿಡಬೇಕಾ? ದೇವಕಿಯಕ್ಕ ಅದರ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. "ಬನ್ನಿ ಹತ್ತಿರ, ಈಗ ಬರ್ತದೆ" ಅಂದರು.

ನಾನು ಹೋದದ್ದು ಹತ್ತಿರಕ್ಕಲ್ಲ. ಅವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿಂದಿನ ಗುಡ್ಡೆಯ ಮೇಲೆ, ಬಂಡೆಯ ಹತ್ತಿರ ಮಾತ್ರ ಸಿಗುತ್ತದೆ. "ಈಗ ಬಂದೆ ಅಕ್ಕ" ಎಂದು ಗುಡ್ಡೆ ಹತ್ತಿದೆ. ಏದುಸಿರು ಬಿಡುತ್ತಾ ಪುತ್ತೂರಿಗೆ, ದೊಡ್ಡ ಡಾಕ್ಟ್ರಿಗೆ ಫೋನು ಮಾಡಿದೆ. ಅವರು ಊಟ ಮಾಡಿ ಮಲಗಿದ್ದರು.

"ನೀರಿನ ಚೀಲ ಒಡೆಯಿತಾ?"

"ಒಡೆಯಿತು ಸರ್."

"ಕಾಲು?"

"ಎರಡೂ ಉಂಟು."

"ಮೂಗು?"

"ಕಾಣ್ತದೆ."

"ಎಲ್ಲ ಸರಿ ಉಂಟಲ್ಲ ಮಾರಾಯ! ಮತ್ತೆ ಯಾಕೆ ಫೋನು?"

"ಎಲ್ಲ ಸರಿ ಇರುದನ್ನು ನಾನು ಇಷ್ಟರವರೆಗೆ ನೋಡಿಲ್ಲ ಸರ್. ಅದಕ್ಕೇ ಹೆದರಿಕೆ."

ಆ ಕಡೆ ಮಂಚ ಕಿರುಗುಟ್ಟಿತು, ಎದ್ದು ಕೂತಿರಬೇಕು. ಆಮೇಲೆ ಕೇಳಿದರು: "ನೀನು ಎಲ್ಲಿದ್ದಿ?"

"ಗುಡ್ಡೆಯ ಮೇಲೆ."

"ದನ?"

"ಕೆಳಗೆ."

"ಓಡು" ಅಂದರು.

ಓಡಿದೆ. ಒಣಗಿದ ಮುಳಿಹುಲ್ಲಿನ ಮೇಲೆ ಜಾರಿ, ಚಪ್ಪಲಿ ಬಿಟ್ಟು, ಅಂಗಳಕ್ಕೆ ಬಂದು ಬಿದ್ದೆ ಅನ್ನಬೇಕು.

ಹಟ್ಟಿಯಲ್ಲಿ ಬೊಳ್ಳಿ ಎದ್ದು ನಿಂತಿತ್ತು. ಸೊಪ್ಪಿನ ಮೇಲೆ, ಮೈಯೆಲ್ಲ ಒದ್ದೆಯಾದ ಒಂದು ಬಿಳಿ ಕರು ಕಿವಿ ಕೊಡವುತ್ತಿತ್ತು. ಬೊಳ್ಳಿ ಅದರ ಮುಖ ನೆಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕರು ಹಿಂಗಾಲು ಎತ್ತಿ ನಿಲ್ಲಲು ನೋಡಿತು, ಮುಗ್ಗರಿಸಿತು, ಮತ್ತೆ ನೋಡಿತು. ದೇವಕಿಯಕ್ಕ ಅದನ್ನು ಮುಟ್ಟಿರಲೇ ಇಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಮೊದಲು ಕೂತಲ್ಲೇ ಕೂತಿದ್ದರು.

"ಹೆಣ್ಣು" ಅಂದರು.

ಅಮ್ಮನ ಮನೆಯದ್ದು ಅಂತ ಈಗ ಎರಡಾಯಿತು. ಹರೀಶ ಸಂಜೆ ಬಂದವನು ಹಟ್ಟಿಯ ಬಾಗಿಲಲ್ಲಿ ನಿಂತು, ಹಟ್ಟಿ ಮುಚ್ಚುವ ಮಾತು ತೆಗೆಯದೆ, ಕರುವಿಗೆ ಬೆಚ್ಚಗಿರಲೆಂದು ಗೋಣಿ ಹುಡುಕಿಕೊಂಡು ಹೋದ.

ಆದರೆ ಅದಕ್ಕೆ ಮೊದಲು, ಕಾಲಿನ ಮುಳ್ಳು ಕಿತ್ತುಕೊಳ್ಳುತ್ತಾ ನಾನು ಹಟ್ಟಿಯ ಮೆಟ್ಟಿಲಲ್ಲಿ ಕೂತಿದ್ದಾಗ ದೇವಕಿಯಕ್ಕ ಕೈ ತೊಳೆದು ಬಂದು ಹತ್ತಿರ ನಿಂತರು. ಕೋಪ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ನಿಮ್ಮಿಂದ ಎಂತ ಸಹಾಯವೂ ಬೇಕಿರಲಿಲ್ಲ ಡಾಕ್ಟ್ರೆ" ಅಂದರು. "ಎಷ್ಟು ಹಟ್ಟಿಗೆ ಹೋದ್ರಿ, ಎಷ್ಟು ಸಂಕಟ ನೋಡಿದ್ರಿ. ಒಮ್ಮೆ ಚಂದದ್ದೂ ನೋಡಲಿ ಅಂತ ಕರೆದದ್ದು."

ನೀವು ಹೊಸಬರು ಕಾಯಲಿಕ್ಕೂ ಕಲಿಯಿರಿ, ಕೈ ಹಾಕಲಿಕ್ಕೂ ಕಲಿಯಿರಿ. ಯಾವಾಗ ಯಾವುದು ಎಂದು ನಾನು ಹೇಳಿಕೊಡಲಾರೆ. ಆದರೆ ಯಾರೂ ಕರೆಯದಿದ್ದರೂ, ಕಷ್ಟ ಏನೂ ಇಲ್ಲದ ಒಂದು ಹಟ್ಟಿಗೆ ಒಮ್ಮೆ ಹೋಗಿ ಕೂತುಕೊಳ್ಳಿ. ಫೋನು ಮನೆಯಲ್ಲಿ ಬಿಟ್ಟು ಹೋಗಿ.

ಆ ದಿನ ತಲೆ ಹೊರಳಲಿಲ್ಲ, ಕಾಲು ಮಡಚಲಿಲ್ಲ. ಕಸ ತಾನಾಗಿ ಬಿತ್ತು. ಬೊಳ್ಳಿ ನಿಂತು ಬೆಲ್ಲದ ನೀರು ಕುಡಿಯಿತು. ಚೀಲ ಬಿಚ್ಚಲಿಕ್ಕಿರಲಿಲ್ಲ. ತಪ್ಪಿದ್ದು ಒಂದೇ, ಅದೂ ಸಣ್ಣದು: ಕರು ತಾನಾಗಿ ನೆಲಕ್ಕೆ ಇಳಿಯುವ ಆ ಒಂದು ಗಳಿಗೆಯಲ್ಲಿ ನಾನು ಗುಡ್ಡೆಯ ಮೇಲೆ, ಬಂಡೆ ಹತ್ತಿ, ಹಟ್ಟಿಗೆ ಬೆನ್ನು ಹಾಕಿ ನಿಂತಿದ್ದೆ.